ಚಿಕ್ಕಪ್ಪನ ಅಂಗಡಿ ಲ್ಯಾಪ್‌ಟಾಪಿಗೆ ಆಟೋ ಅಪ್‌ಡೇಟ್ ಹಾಕಿದ್ದು

ದಾವಣಗೆರೆಲಿ ನಮ್ಮ ಚಿಕ್ಕಪ್ಪಂದು ಝೆರಾಕ್ಸ್ ಅಂಗಡಿ, ಅಲ್ಲಿರೋ ಹಳೇ ಲ್ಯಾಪ್‌ಟಾಪಿಗೆ ಉಬುಂಟು 22.04 (ವಿಂಡೋಸ್ ಬದಲು ಹಾಕೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕ್ಕೊಟ್ಟಿದ್ದು ನಾನೇ. ದಿನಾ ಯಾರ್‍ಯಾರ್ದೋ ಪೆನ್‌ಡ್ರೈವ್ ಅದಕ್ಕೆ ಚುಚ್ತಾರೆ. ಹಬ್ಬಕ್ಕೆ ಹೋದಾಗ ಸುಮ್ನೆ ಟರ್ಮಿನಲ್ ತೆಗ್ದು ನೋಡಿದ್ರೆ ಇನ್ನೂರಕ್ಕೂ ಹೆಚ್ಚು ಪ್ಯಾಕೇಜ್ (ಸಾಫ್ಟ್‌ವೇರ್ ಕಂತೆ) ಅಪ್‌ಡೇಟ್ ಆಗೋದು ಬಾಕಿ! ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಅನ್ನೋ ತಾನಾಗೇ ಅಪ್‌ಡೇಟ್ ಹಾಕೋ ಪ್ರೋಗ್ರಾಂ ಉಬುಂಟು ಜೊತೆಗೇ ಬರುತ್ತೆ, ಸೆಕ್ಯುರಿಟಿ ಅಪ್‌ಡೇಟ್ ಮಟ್ಟಿಗಾದ್ರೂ ಅದೇ ಹಾಕ್ಕೋಬೇಕು, ಇಲ್ಲಿ ಯಾಕಾಗಿಲ್ಲ ಅಂತ ಅದರ ಸೆಟ್ಟಿಂಗ್ ಇರೋ 20ಆಟೋ-ಅಪ್‌ಗ್ರೇಡ್ಸ್ ಫೈಲ್ ತೆಗ್ದೆ, ಎರಡೂ ಲೈನಲ್ಲಿ "0", ಅಂದ್ರೆ ಆಫ್. ಮಾಡಿದ್ದ ಮಹಾನುಭಾವ ನಾನೇ. ಆಗ ಅಂಗಡೀಲಿ ಡಾಂಗಲ್ ಇತ್ತು, ಡೇಟಾ ಎಲ್ಲಾ ಅಪ್‌ಡೇಟಿಗೇ ಹೋಗುತ್ತೆ ಅಂತ ಬೈಸ್ಕೊಂಡು ಆಫ್ ಮಾಡಿದ್ದೆ, ವೈಫೈ ಬಂದ್ಮೇಲೂ ಮರ್ತೇಬಿಟ್ಟಿದ್ದೆ.

ಎರಡನ್ನೂ "1" ಮಾಡ್ದೆ. ಮೊದಲ್ನೇದು ದಿನಾ ಲಿಸ್ಟ್ ತರೋಕೆ, ಎರಡ್ನೇದು ಇನ್‌ಸ್ಟಾಲಿಗೆ. ಆಮೇಲೆ ಡ್ರೈ-ರನ್ ಕೊಟ್ಟು ನೋಡ್ದೆ, ಏನೂ ಹಾಕದೆ ಏನೇನು ಹಾಕ್ತೀನಿ ಅಂತ ಮಾತ್ರ ತೋರಿಸುತ್ತೆ, ಇದನ್ನ ಬಿಡ್ಬೇಡಿ.

ಅಲ್ಲಿಗೆ ಮುಗೀತು ಅನ್ಕೊಂಡಿದ್ದೆ. ಮುಂದಿನ ಸಲ ಹೋದಾಗ ಲಾಗ್ (ಏನೇನಾಯ್ತು ಅನ್ನೋ ದಾಖಲೆ) ನೋಡಿದ್ರೆ ಹೊಸ ಕರ್ನಲ್ (ಸಿಸ್ಟಮ್ಮಿನ ತಿರುಳು) ಇನ್‌ಸ್ಟಾಲ್ ಆಗಿದೆ, ಆದ್ರೆ ಓಡ್ತಿರೋದು ಹಳೇದೇ. ಹೊಸದು ಓಡೋದು ರೀಸ್ಟಾರ್ಟ್ ಮಾಡಿದ್ಮೇಲೇ.

"ಚಿಕ್ಕಪ್ಪ, ರೀಸ್ಟಾರ್ಟ್ ಯಾವಾಗ ಮಾಡಿದ್ರಿ?"

"ಯಾಕಪ್ಪ ಮಾಡ್ಬೇಕು, ಚೆನ್ನಾಗೇ ಓಡ್ತೈತಲ್ಲ."

ರಾತ್ರಿ ಮುಚ್ಚಳ ಹಾಕ್ತಾರೆ, ಬೆಳಗ್ಗೆ ತೆಗೀತಾರೆ, ಅಷ್ಟೇ. 50ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಫೈಲಲ್ಲಿ ಆಟೋಮ್ಯಾಟಿಕ್ ರೀಬೂಟ್ ಅಂತ ಲೈನ್ ಇದೆ, ಅದರ ಮುಂದಿರೋ ಕಾಮೆಂಟ್ ಗುರುತು (//) ತೆಗ್ದು "ಟ್ರೂ" ಮಾಡ್ಬೇಕು, ಟೈಮ್ ಮಾದರಿಗೆ "02:00" ಅಂತ ಇರುತ್ತೆ. ಸರ್ವರಿಗೆ ಅದು ಸರಿ, ನಮ್ಮದು ಆ ಹೊತ್ತಲ್ಲಿ ನಿದ್ದೆ ಮಾಡ್ತಿರುತ್ತೆ. ಬೆಳಗ್ಗೆ ಆರರ ಮೇಲೆ ಅಪ್‌ಡೇಟ್ ಶುರು ಮಾಡ್ಬೇಕಾದ ಟೈಮರ್, ಮಿಷನ್ ಮಲಗಿದ್ರೆ ಎದ್ದ ಮೇಲೆ ಓಡುತ್ತೆ, ಹಂಗಾಗಿ ಅಂಗಡಿ ತೆಗೆದ ಮೇಲೇ ಅಪ್‌ಡೇಟ್ ಹಾಕ್ಕೊಳ್ಳೋದು, ಅದಕ್ಕೆ ಊಟಕ್ಕೆ ಶಟರ್ ಎಳೆಯೋ ಹೊತ್ತು ನೋಡಿ "14:15" ಕೊಟ್ಟೆ, ಮಧ್ಯಾಹ್ನ ಮಾತ್ರ ಮುಚ್ಚಳ ಹಾಕ್ಬೇಡಿ ಅಂತ ಹೇಳ್ದೆ. ಇನ್ನೊಂದು, ಕರೆಂಟ್ ಹೋಗಿ ಬ್ಯಾಟರೀಲಿದ್ರೆ ಅಪ್‌ಡೇಟ್ ಹಾಕಲ್ಲ, ಅದು ಡಿಫಾಲ್ಟೇ ಹಾಗೆ, ಒಳ್ಳೇದೇ, ನಡುವೆ ಆಫ್ ಆದ್ರೆ ಫಜೀತಿ.

ಮೂರ್ನೇ ವಾರಕ್ಕೆ ಫೋನ್ ಬಂತು. ಅರ್ಧ ಟೈಪ್ ಮಾಡಿದ್ದ ಲಗ್ನಪತ್ರಿಕೆ ಸೇವ್ ಮಾಡದೆ ಊಟಕ್ಕೆ ಹೋಗಿದ್ರಂತೆ, ಬಂದು ನೋಡಿದ್ರೆ ಲಾಗಿನ್ ಸ್ಕ್ರೀನ್. ಪುಣ್ಯಕ್ಕೆ ಲಿಬ್ರೆ ಆಫೀಸ್ ಮುಕ್ಕಾಲು ಪಾಲು ರಿಕವರ್ ಮಾಡ್ತು, ಹುಡುಗಿ ಕಡೆಯವರ ಹೆಸರಷ್ಟೇ ಮತ್ತೆ ಹೊಡೀಬೇಕಾಯ್ತು. ಈಗ ಮಾನಿಟರ್ ಮೂಲೇಲಿ ಒಂದು ಚೀಟಿ ಅಂಟಿಸ್ಕೊಂಡಿದಾರೆ: "2 ಗಂಟೆ – ಸೇವ್".