ಮರಗೆಲಸದ ಕೋಣೆಯನ್ನು ಗೆಳೆಯನ ಜೊತೆಗೂಡಿ ಓರಣಗೊಳಿಸುವ ಬಗೆ

ಹವ್ಯಾಸಕ್ಕೆಂದು ಮನೆಯಲ್ಲೇ ಮರಗೆಲಸ ಮಾಡುವವರ ಕೋಣೆಯಲ್ಲಿ, ಯಜಮಾನನನ್ನು ಕೇಳಿದರೆ, ಕಸವೆನ್ನುವ ವಸ್ತು ಒಂದೂ ಇರುವುದಿಲ್ಲ. ಆದರೂ ಕಾಲಿಡಲು ಜಾಗವಿರುವುದಿಲ್ಲ. ಗೋಡೆಗೊರಗಿದ ಹಲಸಿನ ಹಲಗೆ ಮಗಳ ಓದುವ ಮೇಜಾಗಬೇಕಿದೆ, ಕಾಲು ಮುರಿದ ಕುರ್ಚಿ ದುರಸ್ತಿಗೆ ಕಾದಿದೆ, ಹಳೆಯ ಮಿಕ್ಸಿಯ ಮೋಟಾರು ಎಂದಾದರೊಂದು ದಿನ ಸಾಣೆಯಂತ್ರವಾಗಲಿದೆ. ಪ್ರತಿಯೊಂದಕ್ಕೂ ಅವನ ಮನಸ್ಸಿನಲ್ಲಿ ಮುಂದಿನ ಜನ್ಮ ನಿಶ್ಚಯವಾಗಿರುವುದರಿಂದ, ಒಬ್ಬನೇ ಕುಳಿತು ವಿಂಗಡಿಸಲು ಹೊರಟರೆ ಸಂಜೆಯ ಹೊತ್ತಿಗೆ ಎಲ್ಲವೂ ಈ ಗೋಡೆಯಿಂದ ಆ ಗೋಡೆಗೆ ಸರಿದಿರುತ್ತವೆಯೇ ಹೊರತು ಒಂದೂ ಹೊರಗೆ ಹೋಗಿರುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿರುವ ನಮ್ಮ ಮನೆಯ ಹಿಂದಿನ, 10 ಅಡಿ ಅಗಲ ಮತ್ತು 14 ಅಡಿ ಉದ್ದದ ಶೆಡ್ಡನ್ನು ನಾನು ಎರಡು ಸಲ ಹೀಗೆಯೇ ಸರಿಸಿದ್ದೇನೆ. ಮೂರನೆಯ ಸಲ ಗೆಳೆಯನೊಬ್ಬ ಜೊತೆಗಿದ್ದ. ಕೆಲಸ ಎರಡು ದಿನಗಳಲ್ಲಿ ಮುಗಿಯಿತು. ಅವನಿಂದ ಯಾವ ನೆರವು ಪಡೆಯಬೇಕು, ಯಾವುದನ್ನು ನಾವೇ ಮಾಡಿಕೊಳ್ಳಬೇಕು ಎಂಬುದನ್ನು ಆಗ ಕಲಿತ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಮೊದಲನೆಯದಾಗಿ, ಕರೆಯುವ ಗೆಳೆಯ ಮರಗೆಲಸದವನಾಗಿರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ ಹುಚ್ಚಿನವನು ಬಂದರೆ ನೀವು ಬಿಸಾಡಲು ಒಪ್ಪಿದ ಬೀಟೆಯ ತುಂಡನ್ನು ಎತ್ತಿ ಹಿಡಿದು, ಇದರಲ್ಲಿ ಎಂಥ ಚೆಂದದ ಹಿಡಿಕೆ ಮಾಡಬಹುದು ಎಂದು ವಿವರಿಸತೊಡಗುತ್ತಾನೆ. ನನ್ನ ಗೆಳೆಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ಮರದ ಮೈಯನ್ನು ನುಣುಪು ಮಾಡುವ ಹತ್ತರಿಗೂ ಮರ ಕೆತ್ತುವ ಬಾಚಿಗೂ ಇರುವ ವ್ಯತ್ಯಾಸ ಅವನಿಗೆ ತಿಳಿಯದು, ಆದರೆ ಅಸ್ಪಷ್ಟ ಉತ್ತರವನ್ನು ಅವನು ಒಪ್ಪುವುದಿಲ್ಲ. ಅಂಥವರೇ ಬೇಕು. ಕೆಲಸ ಶುರುವಾಗುವ ಮುಂಚೆಯೇ ಒಂದು ಕರಾರು ಮಾಡಿಕೊಳ್ಳಿ: ಗೆಳೆಯ ಪ್ರಶ್ನೆ ಕೇಳಬಹುದು, ತೀರ್ಪು ಕೊಡಬಾರದು; ನೀವು ಉತ್ತರ ಕೊಡಬೇಕು, ಕಥೆ ಹೇಳಬಾರದು. ಈ ಕರಾರಿಲ್ಲದೆ ಹೊರಟರೆ ಮಧ್ಯಾಹ್ನದೊಳಗೆ ಸ್ನೇಹಕ್ಕೇ ಸಣ್ಣ ಬಿರುಕು ಬೀಳುವ ಸಂಭವವುಂಟು.

ಮಲೆನಾಡಿನವರಿಗೆ ಇದಕ್ಕೆ ತಕ್ಕ ಕಾಲ ಮಳೆ ಹಿಂದೆಗೆದ ಮೇಲೆ, ಆಯುಧಪೂಜೆಗೆ ಒಂದೆರಡು ವಾರ ಮೊದಲು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿಯ ತೇವ ಕಬ್ಬಿಣಕ್ಕೂ ಮರಕ್ಕೂ ಏನು ಮಾಡಿದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಹೇಗಿದ್ದರೂ ಮಹಾನವಮಿಯಂದು ಹತಾರಗಳನ್ನೆಲ್ಲ ಒರೆಸಿ ಕುಂಕುಮವಿಡಲು ಹೊರತೆಗೆಯಲೇಬೇಕು. ಬಯಲುಸೀಮೆಯವರು ಯಾವ ತಿಂಗಳಲ್ಲಾದರೂ ಮಾಡಬಹುದು. ಬೇಕಾದದ್ದು ಒಂದರ ಹಿಂದೊಂದು ಬರುವ ಎರಡು ಒಣ ದಿನಗಳು, ಎರಡು ದೊಡ್ಡ ಟಾರ್ಪಾಲು, ಮೂಗಿಗೆ ಎನ್-95 ಮಾಸ್ಕು, ಕೈಗೆ ಕೈಗವಸು. ಮಾಸ್ಕಿನ ವಿಷಯದಲ್ಲಿ ಉದಾಸೀನ ಬೇಡ. ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿ ಬಹಳ ಕಾಲವಾಗಿದೆ, ಮತ್ತು ವರ್ಷಗಟ್ಟಲೆ ಕುಳಿತ ದೂಳು ಒಮ್ಮೆಲೇ ಏಳುವುದು ಇಂಥ ದಿನದಂದೇ.

ಡಬ್ಬಿ, ಬುಟ್ಟಿ, ಕಪಾಟುಗಳನ್ನು ಮುಂಚಿತವಾಗಿ ಕೊಂಡು ತರಬೇಡಿ. ಜಪಾನಿನ ಕಾರ್ಖಾನೆಗಳಿಂದ ಬಂದು ಈಗ ಎಲ್ಲೆಡೆ ‘ಫೈವ್ ಎಸ್’ ಎಂದು ಹೆಸರಾಗಿರುವ ಕ್ರಮದಲ್ಲಿಯೂ ಬೇಡದ್ದನ್ನು ಬೇರ್ಪಡಿಸುವುದು ಮೊದಲ ಹೆಜ್ಜೆ, ಉಳಿದದ್ದಕ್ಕೆ ಜಾಗ ಗೊತ್ತುಮಾಡುವುದು ಎರಡನೆಯದು. ಡಬ್ಬಿ ಮೊದಲೇ ಬಂದರೆ ಅದನ್ನು ತುಂಬಿಸುವುದೇ ಗುರಿಯಾಗಿಬಿಡುತ್ತದೆ.

ಮೊದಲ ದಿನದ ಬೆಳಿಗ್ಗೆ ಕೋಣೆಯನ್ನು ನಾಲ್ಕೂ ಮೂಲೆಗಳಿಂದ ಮೊಬೈಲಿನಲ್ಲಿ ಫೋಟೊ ತೆಗೆದು, ಎಲ್ಲವನ್ನೂ ಅಂಗಳಕ್ಕೆ ಹೊರಿಸಿ. ಅರ್ಧ ಹೊರಗೆ ತಂದು ಅರ್ಧ ಒಳಗೇ ಬಿಡುವುದರಿಂದ ಪ್ರಯೋಜನವಿಲ್ಲ. ಅಲುಗಿಸಲಾಗದ ಮೇಜೊಂದನ್ನು ಬಿಟ್ಟು ಉಳಿದುದೆಲ್ಲ ಬಿಸಿಲು ಕಾಣಬೇಕು. ಅಂಗಳದಲ್ಲಿ ಹರಡಿದ ರಾಶಿಯನ್ನು ನೋಡಿ ಮನೆಯವರು ಆಡುವ ಮಾತುಗಳಿಗೆ ಆ ಹೊತ್ತಿನಲ್ಲಿ ಉತ್ತರ ಕೊಡದಿರುವುದು ಲೇಸು. ಹಲಗೆ-ತುಂಡುಗಳು ಒಂದು ಕಡೆ, ಕೈ ಹತಾರಗಳು ಇನ್ನೊಂದು ಕಡೆ, ಕರೆಂಟಿನ ಯಂತ್ರಗಳು ಒಂದು ಕಡೆ, ಮೊಳೆ-ಸ್ಕ್ರೂ-ಹಿಂಜು-ಚಿಲಕಗಳು ಒಂದು ಕಡೆ, ಡಬ್ಬಿಯಲ್ಲಿರುವ ದ್ರವಗಳು ನೆರಳಿನಲ್ಲಿ ಪ್ರತ್ಯೇಕವಾಗಿ. ಹೀಗೆ ಒಂದೇ ಜಾತಿಯವು ಒಟ್ಟಿಗೆ ಬಿದ್ದಾಗಲೇ ನಮ್ಮ ದುಂದು ನಮಗೆ ತಿಳಿಯುವುದು. ನನ್ನ ರಾಶಿಯಲ್ಲಿ ಐದು ಅಳತೆ ಟೇಪುಗಳಿದ್ದವು. ನಾಲ್ಕನ್ನು, ಹಿಂದಿನದು ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಕೊಂಡಿದ್ದೆ.

ಇನ್ನು ವಿಂಗಡಣೆ. ಇಲ್ಲಿ ಗೆಳೆಯನ ತೋಳಿಗಿಂತ ಅವನ ಕಣ್ಣು ಮುಖ್ಯ. ನೀವು ಸ್ಟೂಲಿನ ಮೇಲೆ ಕುಳಿತುಕೊಳ್ಳಿ, ವಸ್ತುಗಳನ್ನು ಕೈಗೆತ್ತಿಕೊಳ್ಳಬೇಡಿ. ಕೈಗೆ ಬಂದ ಹತಾರವನ್ನು ಕೆಳಗಿಡುವುದು ಕಷ್ಟ. ದೂರದಿಂದ ನೋಡಿದ್ದನ್ನು ಬಿಡುವುದು ಸುಲಭ. ಗೆಳೆಯ ಒಂದೊಂದನ್ನೇ ಎತ್ತಿ ತೋರಿಸಿ ಎರಡು ಪ್ರಶ್ನೆಗಳನ್ನು ಕೇಳಲಿ: ಇದನ್ನು ಕೊನೆಯ ಸಲ ಬಳಸಿದ್ದು ಯಾವ ಕೆಲಸಕ್ಕೆ? ಇದು ಇಂದು ಕಳೆದುಹೋದರೆ ನಾಳೆ ಮತ್ತೊಂದನ್ನು ಕೊಳ್ಳುವೆಯಾ? ಎರಡಕ್ಕೂ ಒಂದೊಂದು ಉಸಿರಿನಲ್ಲಿ ಉತ್ತರ ಬಂದರೆ ಅದು ಉಳಿಯಬೇಕಾದ ವಸ್ತು. ತಡವರಿಕೆಯಾದರೆ ಅದು ಅನುಮಾನದ ಪೆಟ್ಟಿಗೆಗೆ ಹೋಗಬೇಕು. ಮಿಕ್ಸಿಯ ಮೋಟಾರಿನ ಬಗ್ಗೆ ನಾನು ಮಾತು ಶುರುಮಾಡಿದಾಗ ಗೆಳೆಯ, ‘ಕಥೆ ಬೇಡ ಮಾರಾಯ, ಇಸವಿ ಹೇಳು’ ಎಂದ. ಇಸವಿ ನೆನಪಿರಲಿಲ್ಲ.

ಮರದ ತುಂಡುಗಳಷ್ಟು ಜಾಗ ತಿನ್ನುವ ವಸ್ತು ಬೇರಾವುದೂ ಇಲ್ಲ. ಅವುಗಳ ಮೇಲಿನ ಮೋಹವೂ ಅಷ್ಟೇ ಗಟ್ಟಿ. ಇಲ್ಲಿ ಒಂದೊಂದಕ್ಕೂ ಪ್ರಶ್ನೆ ಕೇಳುತ್ತ ಕುಳಿತರೆ ದಿನ ಸಾಲದಾದ್ದರಿಂದ ಅಳತೆಯನ್ನೇ ನಿಯಮ ಮಾಡಿಕೊಳ್ಳಬೇಕು. ಒಂದು ಗೇಣಿಗಿಂತ ಗಿಡ್ಡವಾದ ಸಾಮಾನ್ಯ ಮರದ ತುಂಡುಗಳೆಲ್ಲ ಬಚ್ಚಲ ಒಲೆಗೆ. ಬೀಟೆ, ತೇಗ, ಹೊನ್ನೆಯಂಥವು ಮಾತ್ರ ಒಂದು ಬುಟ್ಟಿಯಷ್ಟು ಇರಬಹುದು, ಬುಟ್ಟಿ ತುಂಬಿದರೆ ಹೊಸದು ಬಂದಂತೆ ಹಳೆಯದು ಹೊರಗೆ ಹೋಗಬೇಕು. ಪ್ಲೈವುಡ್ ಮತ್ತು ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಎಂಡಿಎಫ್ ತುಂಡುಗಳನ್ನು ಒಲೆಗೆ ಹಾಕಲೇಬಾರದು. ಅವುಗಳ ಅಂಟು ಸುಟ್ಟಾಗ ಬರುವ ಹೊಗೆ ಒಳ್ಳೆಯದಲ್ಲ. 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಾಳೆಯಿಂದ ಉಳಿದ ತುಂಡು ಎರಡಡಿ ಚೌಕಕ್ಕಿಂತ ದೊಡ್ಡದಿದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಗುಜರಿಯವನಿಗೋ ನೆರೆಮನೆಯ ಹುಡುಗರ ಶಾಲೆಯ ಮಾಡೆಲ್ಲಿಗೋ ಕೊಡಿ. ಉಳಿಸಿಕೊಳ್ಳುವ ಪ್ರತಿ ಹಲಗೆಯನ್ನೂ ತಿರುಗಿಸಿ, ಗೆದ್ದಲಿನ ಮಣ್ಣುಗೆರೆಯಾಗಲಿ ಹುಳು ಕೊರೆದ ಹಿಟ್ಟಿನಂಥ ಪುಡಿಯಾಗಲಿ ಇದೆಯೇ ಎಂದು ನೋಡಬೇಕು. ತೇಗವೆಂದು ನಿಶ್ಚಿಂತರಾಗುವಂತಿಲ್ಲ, ತೇಗದ ಒಳಗಿನ ಗಟ್ಟಿ ಭಾಗವಾದ ಚೇಗನ್ನು ಗೆದ್ದಲು ಸುಲಭಕ್ಕೆ ಮುಟ್ಟದಿದ್ದರೂ ಹೊರಗಿನ ಬಿಳಿಭಾಗವನ್ನು ತಿನ್ನದೆ ಬಿಡುವುದಿಲ್ಲ.

ಮೊಳೆ-ಸ್ಕ್ರೂಗಳ ಬೆರಕೆ ಡಬ್ಬವನ್ನು ಅಂದೇ ವಿಂಗಡಿಸಲು ಕೂರಬೇಡಿ. ಇಬ್ಬರು ದೊಡ್ಡವರ ಒಂದು ಅಪರಾಹ್ನವನ್ನು ಆ ಡಬ್ಬ ನುಂಗಿಹಾಕುತ್ತದೆ. ತುಕ್ಕು ಹಿಡಿದವನ್ನೂ ತಲೆ ಸವೆದವನ್ನೂ ಗುಜರಿಗೆ ಹಾಕಿ, ಉಳಿದ ಬೆರಕೆಯನ್ನು ಒಂದೇ ಡಬ್ಬಿಯಲ್ಲಿ ಬೆರಕೆಯಾಗಿಯೇ ಇರಿಸಿ. ಹೆಚ್ಚು ಬಳಸುವ ನಾಲ್ಕೈದು ಅಳತೆಗಳನ್ನು ಮಾತ್ರ ಹೊಸದಾಗಿ ತಂದು ಪಾರದರ್ಶಕ ಬಾಟಲಿಗಳಲ್ಲಿ ತುಂಬಿಸಿ.

ಅಂಟು, ಬಣ್ಣ, ಪಾಲಿಶ್‌ಗಳ ವಿಷಯದಲ್ಲಿ ಮಾತ್ರ ಗೆಳೆಯನ ಪ್ರಶ್ನೆಗಳಿಗಿಂತ ನಿಮ್ಮ ತಿಳಿವಳಿಕೆ ಹೆಚ್ಚು ಕೆಲಸ ಮಾಡಬೇಕು. ಬಿಳಿ ಅಂಟು ಗಂಟುಗಂಟಾಗಿದ್ದರೆ ಅದರ ಆಯಸ್ಸು ಮುಗಿದಿದೆ. ಸ್ಪಿರಿಟ್ಟಿನಲ್ಲಿ ಕರಗಿಸಿಟ್ಟ ಅರಗಿನ ಪಾಲಿಶ್ ಹಳೆಯದಾದಂತೆ ಗಟ್ಟಿಯಾಗಿ ಒಣಗುವ ಗುಣವನ್ನು ಕಳೆದುಕೊಳ್ಳುತ್ತದೆ. ಒಂದು ಹನಿಯನ್ನು ಗಾಜಿನ ಚೂರಿನ ಮೇಲೆ ಬಿಟ್ಟು ಮರುದಿನ ಮುಟ್ಟಿ ನೋಡಿ, ಬೆರಳಿಗೆ ಇನ್ನೂ ಅಂಟಿದರೆ ಚೆಲ್ಲಬೇಕಾದದ್ದೇ. ಇವೆಲ್ಲಕ್ಕಿಂತ ಎಚ್ಚರ ಬೇಕಾದದ್ದು ಅಗಸೆ ಎಣ್ಣೆ ಒರೆಸಿದ ಬಟ್ಟೆಗಳ ವಿಷಯದಲ್ಲಿ. ಅಗಸೆ ಎಣ್ಣೆ ಆರುವುದೆಂದರೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುವುದು. ಆಗ ಶಾಖ ಹುಟ್ಟುತ್ತದೆ. ಬಟ್ಟೆ ಮುದ್ದೆಯಾಗಿ ಮೂಲೆಯಲ್ಲಿ ಬಿದ್ದಿದ್ದರೆ ಆ ಶಾಖ ಒಳಗೇ ಕೂಡಿ, ಕಿಡಿ ಕಾಣದೆಯೇ ಕೆಲವೇ ಗಂಟೆಗಳಲ್ಲಿ ಬೆಂಕಿ ಹತ್ತಬಲ್ಲುದು. ಅಂಥ ಬಟ್ಟೆಯನ್ನು ಅಂಗಳದಲ್ಲಿ ಹರಡಿ ಪೂರ್ತಿ ಒಣಗಿಸಿ, ಅಥವಾ ನೀರಿನಲ್ಲಿ ಅದ್ದಿ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಟ್ಟು, ಆಮೇಲಷ್ಟೇ ವಿಲೇವಾರಿ ಮಾಡಬೇಕು. ಹಳೆಯ ಬಣ್ಣ, ಥಿನ್ನರ್, ಬ್ಯಾಟರಿಗಳನ್ನು ಚರಂಡಿಗೋ ಹಸಿಕಸಕ್ಕೋ ಸೇರಿಸದೆ, ಅಪಾಯಕಾರಿ ಕಸವೆಂದು ಬೇರೆಯಾಗಿಯೇ ಕೊಡಬೇಕು.

ಖಾಲಿ ಕೋಣೆ ಸಿಗುವುದು ಅಪರೂಪ. ಆ ಒಂದು ರಾತ್ರಿಯನ್ನು ವ್ಯರ್ಥ ಮಾಡಬೇಡಿ. ಗುಡಿಸಿ, ಗೋಡೆಯ ಬುಡದಲ್ಲಿ ಗೆದ್ದಲಿನ ದಾರಿಗಳಿದ್ದರೆ ಒಡೆದು ಮದ್ದು ಹಾಕಿ, ಮಾಡಿನ ಸೋರಿಕೆಯ ಕಲೆಗಳನ್ನು ಗುರುತಿಸಿಕೊಳ್ಳಿ. ವಿದ್ಯುತ್ತಿನ ವಿಷಯದಲ್ಲಿ, 1,400 ವ್ಯಾಟಿನ ಕರೆಂಟ್ ಗರಗಸ 230 ವೋಲ್ಟಿನಲ್ಲಿ 6 ಆಂಪಿಯರಿಗಿಂತ ತುಸು ಹೆಚ್ಚೇ ಎಳೆಯುವುದರಿಂದ ಅದನ್ನು ಮೊಬೈಲ್ ಚಾರ್ಜರಿನ ಜೊತೆ 6 ಆಂಪಿಯರಿನ ಒಂದೇ ಎಕ್ಸ್‌ಟೆನ್ಶನ್ ಪೆಟ್ಟಿಗೆಗೆ ಸಿಕ್ಕಿಸುವುದು ಸರಿಯಲ್ಲ. ಮೇಜಿನ ಹತ್ತಿರ 16 ಆಂಪಿಯರಿನ ಒಂದು ಪ್ಲಗ್ಗನ್ನೂ, ಹಿಂದೆ, ಕರೆಂಟು ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನೂ ಎಲೆಕ್ಟ್ರಿಷಿಯನ್ನನಿಂದ ಹಾಕಿಸಿಕೊಳ್ಳಿ.

ಎರಡನೆಯ ದಿನ ವಸ್ತುಗಳು ಒಳಗೆ ಬರಬೇಕು. ಈಗ ಪಾತ್ರಗಳು ಅದಲುಬದಲಾಗುತ್ತವೆ: ಜಾಗ ಗೊತ್ತುಮಾಡುವವರು ನೀವು, ಪರೀಕ್ಷಿಸುವವನು ಗೆಳೆಯ. ಮೇಜು ಕಿಟಕಿಯ ಬೆಳಕಿಗೆ ಬರಲಿ. ಕೈಯನ್ನು ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಮಡಿಕೆಗೆ ಸಮನಾಗಿ ಮೇಜಿನ ಮೇಲ್ಮೈ ಇದ್ದರೆ ಹತ್ತರಿ ಹೊಡೆಯುವಾಗ ಬೆನ್ನು ನೋಯುವುದಿಲ್ಲ. ಸಾಗರ, ಸೊರಬದ ಕಡೆಯ ಗುಡಿಗಾರರು ನೆಲದಲ್ಲಿ ಕುಳಿತು ಗಂಧದ ಕೊರಡನ್ನು ಕೆತ್ತುವುದನ್ನು ನೋಡಿದವರಿಗೆ ಗೊತ್ತಿರುತ್ತದೆ, ಉಳಿಗಳೆಲ್ಲ ಅವರ ಕೈಗೆಟಕುವ ದೂರದಲ್ಲೇ ಇರುತ್ತವೆ, ಎದ್ದು ಹೋಗಿ ತರುವ ಮಾತೇ ಇಲ್ಲ. ಅದೇ ಲೆಕ್ಕದಲ್ಲಿ ದಿನವೂ ಬೇಕಾಗುವ ಉಳಿ, ಕೊಡತಿ, ಮೂಲೆಮಟ್ಟ, ಕೈಗರಗಸ, ಟೇಪುಗಳು ಮೇಜಿನ ಮುಂದಿನ ಗೋಡೆಯಲ್ಲಿ, ತೋಳು ಚಾಚಿದರೆ ಸಿಗುವಂತೆ ನೇತಾಡಲಿ. ವಾರಕ್ಕೊಮ್ಮೆ ಬೇಕಾಗುವ ಡ್ರಿಲ್, ಸ್ಯಾಂಡರ್‌ಗಳು ಮೇಜಿನ ಕೆಳಗೆ ಹೋಗಲಿ. ವರ್ಷಕ್ಕೊಮ್ಮೆಯವು ಅಟ್ಟ ಸೇರಲಿ. ಒಂದು ಪ್ಲೈವುಡ್ ಹಲಗೆಯನ್ನು ಗೋಡೆಗೆ ಬಡಿದು, ಹತಾರಗಳನ್ನು ಅದರ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಬಣ್ಣ ತುಂಬಿದರೆ, ಮರಳಿ ಬಾರದ ಹತಾರದ ಜಾಗ ತಾನೇ ಎದ್ದು ಕಾಣುತ್ತದೆ. ಹಲಗೆಗಳನ್ನು ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಗೋಡೆಗೆ ತಾಗದಂತೆ, ನಡುನಡುವೆ ರೀಪಿನ ತುಂಡುಗಳನ್ನಿಟ್ಟು ಪೇರಿಸಬೇಕು. ಕಿಡಿ ಹಾರಿಸುವ ಗ್ರೈಂಡರಿಗೆ ಮಾತ್ರ ಈ ಕೋಣೆಯಲ್ಲಿ ಜಾಗ ಕೊಡದೆ ಹೊರಗಿನ ಜಗಲಿಗೆ ಕಳಿಸಿ. ಮರದ ಹುಡಿಯ ಪಕ್ಕದಲ್ಲಿ ಅದು ಇರತಕ್ಕದ್ದಲ್ಲ.

ಒಳಗಿಡುವ ಮುನ್ನ ಕಬ್ಬಿಣದ ಪ್ರತಿ ಹತಾರಕ್ಕೂ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ಅಡುಗೆ ಎಣ್ಣೆ ಸವರಿದರೆ ಕಾಲಕ್ರಮದಲ್ಲಿ ಜಿಗುಟಾಗಿ ದೂಳು ಹಿಡಿಯುತ್ತದೆ. ಉಳಿಗಳನ್ನು ಚರ್ಮದ ಚೀಲದಲ್ಲಾಗಲಿ ರಟ್ಟಿನ ಡಬ್ಬಿಯಲ್ಲಾಗಲಿ ಇಡುವ ಅಭ್ಯಾಸ ಮಲೆನಾಡಿಗೆ ಹೇಳಿಸಿದ್ದಲ್ಲ, ಏಕೆಂದರೆ ಎರಡೂ ತೇವವನ್ನು ಹೀರಿ ಅಲಗಿನ ಪಕ್ಕದಲ್ಲೇ ಹಿಡಿದಿಟ್ಟುಕೊಳ್ಳುತ್ತವೆ.

ಎಲ್ಲ ಇಟ್ಟಾದ ಮೇಲೆ ಪರೀಕ್ಷೆ. ನೀವು ಬಾಗಿಲ ಹೊರಗೆ ನಿಂತು, ಒಳಗಿರುವ ಗೆಳೆಯನಿಗೆ ಹತ್ತು ವಸ್ತುಗಳ ಹೆಸರನ್ನು ಒಂದೊಂದಾಗಿ ಹೇಳಿ: ಅರ್ಧ ಇಂಚಿನ ಉಳಿ, 120ರ ಸ್ಯಾಂಡ್‌ಪೇಪರ್, ರಸಮಟ್ಟ, ಸಾಣೆಕಲ್ಲು. ಮರಗೆಲಸ ತಿಳಿಯದವನು ಕೇಳದೆಯೇ ಹುಡುಕಿ ತೆಗೆದರೆ ಜಾಗ ಸರಿಯಾಗಿದೆ. ಅವನು ತಡಕಾಡಿದ ಕಡೆಯಲ್ಲೆಲ್ಲ ಚೀಟಿ ಅಂಟಿಸಬೇಕು, ಅಥವಾ ಅವನ ಕೈ ಮೊದಲು ಹೋದ ಜಾಗಕ್ಕೇ ಆ ವಸ್ತುವನ್ನು ಸರಿಸಬೇಕು. ನನ್ನ ಗೆಳೆಯನಿಗೆ ಹತ್ತರಲ್ಲಿ ಆರು ಸಿಕ್ಕವು. ಸಾಣೆಕಲ್ಲಿಗಾಗಿ ಅವನು ನೀರಿನ ಬಕೆಟ್ಟಿನ ಬಳಿ ಹುಡುಕಿದ. ಯೋಚಿಸಿ ನೋಡಿದರೆ ಅದು ಇರಬೇಕಾದದ್ದು ಅಲ್ಲಿಯೇ, ಈಗ ಅಲ್ಲಿಯೇ ಇದೆ.

ಅನುಮಾನದ ಪೆಟ್ಟಿಗೆಯನ್ನು ಮಾತ್ರ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಒಳಗೇನಿದೆ ಎಂಬ ಪಟ್ಟಿಯನ್ನೂ ಬರೆಯದೆ, ಮೇಲೆ ದಿನಾಂಕವನ್ನಷ್ಟೇ ಬರೆದು, ಮುಚ್ಚಿ ಗೆಳೆಯನ ಮನೆಯ ಅಟ್ಟಕ್ಕೆ ಕಳಿಸಿ, ಆರು ತಿಂಗಳು ಕಾಯಿರಿ. ಬೇಕೆನಿಸಿದ ವಸ್ತುವನ್ನು ಹೆಸರು ಹಿಡಿದು ಕೇಳಿದರೆ ಮಾತ್ರ ಅವನು ಕೊಡಬೇಕು. ‘ಅದರಲ್ಲಿ ಏನೇನಿತ್ತೋ ನೋಡೋಣ’ ಎಂದರೆ ಕೊಡಬಾರದು. ನಾನು ಆ ಅವಧಿಯಲ್ಲಿ ಹೆಸರು ಹಿಡಿದು ಕೇಳಿದ್ದು ಎರಡನ್ನು, ಹಳೆಯ ಬೈರಿಗೆ ಮತ್ತು ಒಂದು ಹತ್ತರಿಯ ಅಲಗು. ಉಳಿದ ಪೆಟ್ಟಿಗೆ, ಮಿಕ್ಸಿಯ ಮೋಟಾರಿನ ಸಮೇತ, ಯುಗಾದಿಯ ಮುಂಚೆ ಗುಜರಿಗೆ ಹೋಯಿತು.