ಮತ್ತಿ, ನಂದಿ, ಹೊನ್ನೆ: ನಾಟಾ ಗುರುತಿಸುವ ನನ್ನ ಕ್ರಮ

ಎಲೆ ನೋಡಿ ಮರ ಗುರುತಿಸುವುದು ಮಳೆಗಾಲದ ಮಾತು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮಲೆನಾಡಿನ ಎಲೆ ಉದುರುವ ಕಾಡುಗಳಲ್ಲಿ ಸಾಗುವಾನಿ, ನಂದಿ, ಮತ್ತಿ ಬೋಳಾಗಿ ನಿಂತಿರುತ್ತವೆ. ಬುಡದಲ್ಲಿರುವ ತರಗೆಲೆ ಪಕ್ಕದ ಮರದ್ದೂ ಆಗಿರಬಹುದು. ಹಾಗಾಗಿ ನಾನು ತೊಗಟೆಯಿಂದ ಶುರುಮಾಡುತ್ತೇನೆ.

ಮತ್ತಿಯ ತೊಗಟೆ ಮೊಸಳೆ ಚರ್ಮದ ಹಾಗೆ ಕಪ್ಪಗೆ, ಚೌಕ ಚೌಕವಾಗಿ ಒಡೆದಿರುತ್ತದೆ. ನಂದಿಯದು ಬಿಳಿಚು ಬಣ್ಣ, ನುಣುಪು, ತೆಳ್ಳಗೆ ಕಾಗದದಂತೆ ಸುಲಿಯುತ್ತದೆ. ಇವೆರಡನ್ನು ದೂರದಿಂದಲೇ ಹೇಳಬಹುದು. ಹೊನ್ನೆಗೆ ಮಾತ್ರ ಕತ್ತಿಯ ತುದಿಯಿಂದ ಚಿಕ್ಕ ಗೀರು ಬೇಕು. ಸ್ವಲ್ಪ ಹೊತ್ತಿಗೆ ರಕ್ತದಂಥ ಕೆಂಪು ಅಂಟು ಒಸರುತ್ತದೆ. ಕೆಂಪು ರಸ ಕಂಡಕೂಡಲೇ ಹೊನ್ನೆ ಅನ್ನಬೇಡಿ. ರಾಮಪತ್ರೆ ಜಾತಿಯ ಮರಗಳಲ್ಲೂ ಅದು ಬರುತ್ತದೆ. ಆದರೆ ಅವು ನಿತ್ಯಹಸಿರು, ಎಲೆಕಡ್ಡಿಗೆ ಒಂದೇ ಎಲೆ. ಹೊನ್ನೆಯ ಒಂದು ಎಲೆಕಡ್ಡಿಯಲ್ಲಿ ಸಾಮಾನ್ಯವಾಗಿ 5ರಿಂದ 7 ಕಿರುಎಲೆ. ಕಾಯಿ ಚಪ್ಪಟೆ, ದುಂಡು, ಸುತ್ತಲೂ ರೆಕ್ಕೆ. ಸಾಗುವಾನಿಯಾದರೆ ಎಳೆ ಚಿಗುರನ್ನು ಬೆರಳಲ್ಲಿ ಉಜ್ಜಿದರೆ ಸಾಕು, ಬೆರಳು ಕೆಂಪಾಗುತ್ತದೆ.

ನಿಜವಾದ ಕಷ್ಟ ತೊಗಟೆ ಹೋದ ಮೇಲೆ. ಸಾಮಿಲ್‌ನಲ್ಲಿ ಬಿಸಿಲು, ಧೂಳು ತಿಂದ ಹಲಗೆಗಳೆಲ್ಲ ಒಂದೇ ಬೂದು ಬಣ್ಣ. ಮೇಲ್ಮೈ ನೋಡಿ ಯಾವ ತೀರ್ಮಾನಕ್ಕೂ ಬರಬಾರದು. ಕೀಸುಳಿಯಲ್ಲಿ 2 ಮಿ.ಮೀ. ಕೀಸಿ, ಕೂಡಲೇ ಮೂಸಿ ನೋಡುತ್ತೇನೆ. ಸಾಗುವಾನಿಗೆ ಹಳೆಯ ಚರ್ಮದಂಥ ವಾಸನೆ, ಮುಟ್ಟಿದರೆ ಎಣ್ಣೆಯ ಜಿಡ್ಡು. ನಂದಿಯನ್ನು ಬೆನ್‌ಟೀಕ್ ಎಂಬ ಹೆಸರಲ್ಲಿ ಮಾರುವುದರಿಂದ ಗೊಂದಲ ಹೆಚ್ಚು. ಅದಕ್ಕೆ ಈ ಜಿಡ್ಡೂ ಇಲ್ಲ, ವಾಸನೆಯೂ ಇಲ್ಲ.

ಆಮೇಲೆ ಹಲಗೆಯ ಅಡ್ಡಕೊಯ್ತದ ತುದಿ. ಗರಗಸದ ಗುರುತು ಮರದೊಳಗಿನ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಅದಕ್ಕೆ ಹೊಸ ಬ್ಲೇಡಿನಿಂದ ಒಂದು ಚದರ ಸೆಂ.ಮೀ. ನುಣ್ಣಗೆ ಸವರಿ, ಒದ್ದೆ ಬೆರಳು ಒತ್ತಿ, 10 ಪಟ್ಟಿನ ಲೆನ್ಸ್ ಹಿಡಿಯುತ್ತೇನೆ. ಸಾಗುವಾನಿಯಲ್ಲಿ ಪ್ರತಿ ವರ್ಷದ ಉಂಗುರದ ಆರಂಭಕ್ಕೆ ದೊಡ್ಡ ರಂಧ್ರಗಳ ಸಾಲು ಸ್ಪಷ್ಟ. ಮತ್ತಿಯಲ್ಲಿ ರಂಧ್ರಗಳು ಚದುರಿರುತ್ತವೆ, ಒಂದೊಂದರ ಸುತ್ತಲೂ ತಿಳಿ ಬಣ್ಣದ ಅಂಚು.

ಹೊನ್ನೆಯ ಅನುಮಾನವಿದ್ದರೆ ಚೇಗಿನ (ಮರದ ಒಳಗಿನ ಗಟ್ಟಿ ಭಾಗದ) ಹೊಟ್ಟನ್ನು ಗಾಜಿನ ಲೋಟದ ನೀರಿಗೆ ಹಾಕಿ ಅರ್ಧ ಗಂಟೆ ಬಿಡಿ. ನೀರು ಹಳದಿಗೆ ತಿರುಗುತ್ತದೆ; ಬಿಸಿಲಿನಲ್ಲಿ ಕಪ್ಪು ಬಟ್ಟೆಯ ಮುಂದೆ ಹಿಡಿದರೆ ನೀಲಿ ಹೊಳಪು ಕಾಣುತ್ತದೆ. ಹೊರಗಿನ ಬಿಳಿ ಭಾಗದ ಹೊಟ್ಟು ಹಾಕಿದರೆ ಪರೀಕ್ಷೆ ಕೆಡುತ್ತದೆ. ಇದೇ ಬಣ್ಣ ಒದ್ದೆ ಗೋಡೆಗೂ ಇಳಿಯುತ್ತದೆ, ಆದ್ದರಿಂದ ಹೊನ್ನೆಯ ಚೌಕಟ್ಟಿಗೆ ಗೋಡೆಗೆ ತಾಗುವ ಬದಿಯಲ್ಲೂ ಬಣ್ಣ ಬಳಿಯದೆ ಕೂರಿಸಬೇಡಿ.

ಕೊನೆಗೆ ತೂಕ. ಎಲ್ಲ ಬದಿಯೂ 5 ಸೆಂ.ಮೀ. ಇರುವ ಒಣ ತುಂಡು ಶಿವನೆ ಎಂಬ ಹಗುರ ಮರದ್ದಾದರೆ 60 ಗ್ರಾಂ ಆಸುಪಾಸು, ಸಾಗುವಾನಿ ಸುಮಾರು 80, ಮತ್ತಿ 100 ದಾಟುತ್ತದೆ. ಹಸಿ ಮರದಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಸ್ವಂತ ಜಾಗದ ಮರವಾದರೂ ಜಾತಿ ಖಚಿತವಾಗದೆ ಕೊಡಲಿ ಎತ್ತಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಕೆಲವು ಜಾತಿಗಳಿಗಷ್ಟೇ ವಿನಾಯಿತಿ. ಉಳಿದವಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.