ಸೋತ ಪಂದ್ಯವನ್ನು ಬಿಚ್ಚಿ ನೋಡುವುದು

ಮೈಸೂರಿನ ಅಂತರ ಕಾಲೇಜು ಫುಟ್‌ಬಾಲ್‌ನಲ್ಲಿ 0-3 ಸೋತ ಸಂಜೆಯೇ ಮೀಟಿಂಗ್ ಬೇಡ, ಬರೀ ಬೈದಾಟವಾಗುತ್ತದೆ. ಮರುದಿನ ವಿಡಿಯೊ ಹಾಕಿ. ಚಾಮುಂಡಿ ವಿಹಾರ ಕ್ರೀಡಾಂಗಣದಂಥ ಗ್ಯಾಲರಿ ಇರುವ ಕಡೆ ಮೇಲಿನ ಮೆಟ್ಟಿಲಲ್ಲಿ, ಮಧ್ಯರೇಖೆಯ ನೇರಕ್ಕೆ ಮೊಬೈಲ್ ಇಟ್ಟು ತೆಗೆದಿರಬೇಕು. ಗೆರೆ ಪಕ್ಕ ನಿಂತು ತೆಗೆದದ್ದರಲ್ಲಿ ಆಟಗಾರರ ನಡುವಿನ ಅಂತರ ಕಾಣದು.

ಪ್ರತಿ ಗೋಲನ್ನೂ 20 ಸೆಕೆಂಡ್ ಹಿಂದಿನಿಂದ ನೋಡಿ. ಗೋಲ್‌ಕೀಪರನ್ನು ಬೈಯುವುದು ಸುಲಭ, ಬಿಡಿ. ಚೆಂಡು ಕಳೆದುಕೊಂಡದ್ದೆಲ್ಲಿ? ಲೆಫ್ಟ್ ಬ್ಯಾಕ್ (ಎಡಬದಿಯ ರಕ್ಷಣಾ ಆಟಗಾರ) ಮುಂದೆ ಹೋದಾಗ ಆ ಜಾಗ ಯಾರು ಮುಚ್ಚಬೇಕಿತ್ತು? ಹಾಳೆಯಲ್ಲಿ ಮೈದಾನ ಬಿಡಿಸಿ, ಚೆಂಡು ಕೈತಪ್ಪಿದ ಕಡೆಯೆಲ್ಲ ನಿಮಿಷ ಬರೆಯಿರಿ. ಗುರುತುಗಳು 70ನೇ ನಿಮಿಷದ ಮೇಲೆ ದಟ್ಟವಾದರೆ ದಮ್ಮು ಸಾಲಲಿಲ್ಲ, ಇಲ್ಲವೇ ಬದಲಿ ಆಟಗಾರರು ತಡವಾಗಿ ಇಳಿದರು. ಮೊದಲಿಂದಲೂ ನಡುಭಾಗದಲ್ಲೇ ಗುಂಪಾಗಿದ್ದರೆ ಪಾಸಿಗೆ ಒದಗುವವರೇ ಇರಲಿಲ್ಲ. ಕಾರ್ನರ್ ಕಿಕ್‌ನಿಂದ ಬಂದ ಗೋಲುಗಳ ಲೆಕ್ಕ ಬೇರೆ ಇಡಿ. ವಾರದ ಪ್ರಾಕ್ಟೀಸ್‌ಗೆ ಎರಡೇ ದೋಷ ಆರಿಸಿ.